ಪ್ಲಸ್ ವನ್‌ನಲ್ಲಿ ಪರಿಸರ ವಿಜ್ಞಾನ ಇಲ್ಲ, ಹಾಗಾದರೆ ಮಗಳು ಏನು ತೆಗೆದುಕೊಳ್ಳಬೇಕು?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನವರು, ಪೆರ್ಲದ ಹತ್ತಿರ ಮನೆ. ಮಗಳು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಜೀವಶಾಸ್ತ್ರದಲ್ಲಿ ಎ ಪ್ಲಸ್, ರಸಾಯನಶಾಸ್ತ್ರದಲ್ಲಿ ಬಿ ಪ್ಲಸ್, ಗಣಿತದಲ್ಲಿ ಬಿ. ಪರಿಸರ ವಿಜ್ಞಾನವೇ ಓದಬೇಕು ಅಂತ ಅವಳ ಹಟ. ಆದರೆ ಪ್ಲಸ್ ವನ್‌ನ, ಅಂದರೆ ಕೇರಳದ ಹನ್ನೊಂದನೆಯ ತರಗತಿಯ, ಕಾಂಬಿನೇಶನ್ ಪಟ್ಟಿಯಲ್ಲಿ ಆ ಹೆಸರಿನ ವಿಷಯವೇ ಇಲ್ಲ. ಮಂಗಳೂರಿನಲ್ಲಿ ಪಿಯುಸಿಗೆ ಹಾಕಿ ಅಂತ ನನ್ನ ಅಣ್ಣ ಹೇಳುತ್ತಾರೆ. ಓಪನ್ ಸ್ಕೂಲಿನಲ್ಲಿ ಆ ವಿಷಯ ಉಂಟಂತೆ, ಅಲ್ಲಿ ಸೇರಿಸಿ ಅಂತ ಇನ್ನೊಬ್ಬರು. ಅದು ಸುಲಭದ ಸಬ್ಜೆಕ್ಟು, ಓದಿದರೆ ಕೆಲಸ ಸಿಗುವುದಿಲ್ಲ ಅಂತ ನೆರೆಮನೆಯವರು. ಗಣಿತ ಬಿಟ್ಟುಬಿಡಲಿ ಅಂತ ಟ್ಯೂಶನ್ ಟೀಚರ್. ಎಲ್ಲ ಇಂಗ್ಲಿಷಿನಲ್ಲಿ ಓದಬೇಕಲ್ಲ ಎಂಬ ಹೆದರಿಕೆ ಬೇರೆ. ಯಾರ ಮಾತು ಕೇಳುವುದು?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಸಲಹೆಗಳಿವೆ. ಕೊಟ್ಟವರೆಲ್ಲ ಒಳ್ಳೆಯದಾಗಲಿ ಅಂತಲೇ ಹೇಳಿದ್ದಾರೆ. ಆದರೆ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಹೊಂದುವುದಿಲ್ಲ, ಅದಕ್ಕೇ ನಿಮಗೆ ತಲೆಬಿಸಿ. ನಾನು ಮೊದಲು ಹೈಯರ್ ಸೆಕೆಂಡರಿಯಲ್ಲಿ ಜೀವಶಾಸ್ತ್ರ, ಆಮೇಲೆ ಕಾಲೇಜಿನಲ್ಲಿ ಪರಿಸರ ವಿಜ್ಞಾನ ಕಲಿಸಿದವನು. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಇದೇ ಪ್ರಶ್ನೆ ನನ್ನ ಹತ್ತಿರ ಬರುತ್ತದೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ನೋಡೋಣ. ಪ್ಲಸ್ ವನ್‌ನಲ್ಲಿ ಆ ವಿಷಯ ಇಲ್ಲದಿರುವುದರಿಂದ ನಿಮ್ಮ ಮಗಳಿಗೆ ಏನೂ ನಷ್ಟವಿಲ್ಲ. ಈಗ ರಸಾಯನಶಾಸ್ತ್ರವನ್ನೋ ಗಣಿತವನ್ನೋ ಬಿಟ್ಟರೆ ಮಾತ್ರ ಮುಂದೆ ನಷ್ಟವಾಗುತ್ತದೆ.

ಪಟ್ಟಿಯಲ್ಲಿ ಆ ಹೆಸರು ಯಾಕಿಲ್ಲ ಅಂತ ಮೊದಲು ನೋಡೋಣ. ಪರಿಸರದ ಕೇಸುಗಳ ವಕೀಲ ಎಂ.ಸಿ. ಮೆಹ್ತಾ ಅವರ ಪ್ರಕರಣದಲ್ಲಿ 1991ರಲ್ಲೇ ಸುಪ್ರೀಂ ಕೋರ್ಟ್ ಶಾಲೆ ಕಾಲೇಜುಗಳಲ್ಲಿ ಪರಿಸರದ ಪಾಠ ಕಡ್ಡಾಯ ಅಂದಿತು. 2003ರಲ್ಲಿ ಅದನ್ನೇ ಮತ್ತೆ ಗಟ್ಟಿಯಾಗಿ ಹೇಳಿತು. ಆದರೆ ಶಾಲೆಯಲ್ಲಿ ಅದು ಹೆಚ್ಚಾಗಿ ಬೇರೆ ಬೇರೆ ವಿಷಯಗಳ ಒಳಗೆ ಹಂಚಿಹೋಯಿತು. ಒಂದು ತುಂಡು ಜೀವಶಾಸ್ತ್ರದಲ್ಲಿ, ಒಂದು ರಸಾಯನಶಾಸ್ತ್ರದಲ್ಲಿ, ಒಂದು ಭೂಗೋಳದಲ್ಲಿ. ಪ್ಲಸ್ ಟುವಿನ ಜೀವಶಾಸ್ತ್ರ ಪುಸ್ತಕದ ಕೊನೆಯ ಭಾಗ ಪೂರ್ತಿ ಜೀವಿಗಳ ಸಂಖ್ಯೆ, ಪರಿಸರ ವ್ಯವಸ್ಥೆ, ಜೀವವೈವಿಧ್ಯದ ಬಗ್ಗೆ ಇದೆ. ಹೆಸರು ಜೀವಶಾಸ್ತ್ರ, ವಿಷಯ ಪರಿಸರ ವಿಜ್ಞಾನವೇ.

ಮಂಗಳೂರಿಗೆ ಹೋದರೂ ಇದು ಬದಲಾಗುವುದಿಲ್ಲ. ಕೇರಳದ ಪ್ಲಸ್ ಟು ಆಗಲಿ, ಕರ್ನಾಟಕದ ಪಿಯುಸಿ ಆಗಲಿ, ಸಯನ್ಸಿನಲ್ಲಿ ಓದಿಸುವುದು ಎನ್‌ಸಿಇಆರ್‌ಟಿಯ ಪಾಠಗಳನ್ನೇ. ತಲಪಾಡಿ ದಾಟಿದ ಕೂಡಲೇ ಪುಸ್ತಕ ಬೇರೆಯಾಗುವುದಿಲ್ಲ. ಬದಲಾಗುವುದು ಫೀಸು, ಹಾಸ್ಟೆಲು, ಮನೆಯಿಂದ ದೂರ ಇರುವ ವಯಸ್ಸು. ಹದಿನಾರಕ್ಕೆ ಮನೆ ಬಿಟ್ಟು ಚೆನ್ನಾಗಿ ಓದಿದ ಮಕ್ಕಳನ್ನು ನೋಡಿದ್ದೇನೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಕೋಚಿಂಗ್ ಕ್ಲಾಸಿನಲ್ಲಿ ಕೂತು, ಹೊರಗೆ ಒಂದು ಮರ ನೋಡುವುದಕ್ಕೂ ಪುರುಸೊತ್ತಿಲ್ಲದೆ ಆಸಕ್ತಿಯನ್ನೇ ಕಳೆದುಕೊಂಡವರನ್ನೂ ನೋಡಿದ್ದೇನೆ. ನಿಮ್ಮ ಅಣ್ಣನ ಮನೆ ಅಲ್ಲೇ ಇದ್ದು, ಮಗಳಿಗೂ ಇಷ್ಟವಿದ್ದರೆ ಅದು ಬೇರೆ ಮಾತು. ಪರಿಸರ ವಿಜ್ಞಾನಕ್ಕಾಗಿ ಅಂತ ಕಳಿಸುವುದಾದರೆ ಮಾತ್ರ ಆ ಕಾರಣಕ್ಕೆ ಬಲವಿಲ್ಲ.

ಇನ್ನು ಓಪನ್ ಸ್ಕೂಲು. ನಿಮಗೆ ಸಿಕ್ಕ ಮಾಹಿತಿ ಸರಿ. ಎನ್‌ಐಓಎಸ್‌ನ, ಅಂದರೆ ರಾಷ್ಟ್ರೀಯ ಓಪನ್ ಸ್ಕೂಲಿನ, ಸೀನಿಯರ್ ಸೆಕೆಂಡರಿಯಲ್ಲಿ ಪರಿಸರ ವಿಜ್ಞಾನ ಎಂಬ ಪ್ರತ್ಯೇಕ ವಿಷಯ ಇದೆ. ಐಎಸ್‌ಸಿ ಬೋರ್ಡಿನ ಪಟ್ಟಿಯಲ್ಲೂ ಇದೆ, ಆದರೆ ಆ ಬೋರ್ಡಿನ ಎಲ್ಲ ಶಾಲೆಗಳೂ ಅದನ್ನು ಕಲಿಸುವುದಿಲ್ಲ. ಎನ್‌ಐಓಎಸ್ ಸರ್ಟಿಫಿಕೇಟಿಗೆ ಬೆಲೆ ಇಲ್ಲ ಅಂತ ಕೆಲವರು ಹೆದರಿಸುತ್ತಾರೆ. ಅದು ತಪ್ಪು, ಅದು ಕೇಂದ್ರ ಸರ್ಕಾರದ ಮಾನ್ಯತೆ ಇರುವ ಬೋರ್ಡು. ನನ್ನ ಚಿಂತೆ ಬೇರೆ. ರಸಾಯನಶಾಸ್ತ್ರದ ಟೈಟ್ರೇಶನ್ ಆಗಲಿ, ಸೂಕ್ಷ್ಮದರ್ಶಕದ ಕೆಳಗೆ ಸ್ಲೈಡ್ ಹೊಂದಿಸುವುದಾಗಲಿ, ವಾರಕ್ಕೊಮ್ಮೆಯಾದರೂ ಲ್ಯಾಬಿನಲ್ಲಿ ಕೈಯಾಡಿಸದೆ ಬರುವುದಿಲ್ಲ. ಸ್ಟಡಿ ಸೆಂಟರಿನ ಕೆಲವೇ ದಿನಗಳ ಪ್ರಾಕ್ಟಿಕಲ್ ಅದಕ್ಕೆ ಸಾಲದು. ಜೊತೆಗೆ ಓದುವ ಗೆಳತಿಯರೂ ಇರುವುದಿಲ್ಲ. ಆರೋಗ್ಯದ ತೊಂದರೆಯಿಂದಲೋ ಮನೆಯ ಕಷ್ಟದಿಂದಲೋ ದಿನಾ ಶಾಲೆಗೆ ಹೋಗಲು ಆಗದವರಿಗೆ ಅದು ದೊಡ್ಡ ಆಸರೆ. ನಿಮ್ಮ ಮಗಳಿಗೆ ಆ ಅನಿವಾರ್ಯ ಇಲ್ಲ, ಅಲ್ವಾ?

ಸುಲಭದ ಸಬ್ಜೆಕ್ಟು ಎಂಬ ಮಾತಿಗೆ ಬರೋಣ. ಇದು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಡಿಗ್ರಿಯಲ್ಲಿ ಎಲ್ಲರಿಗೂ ಕಡ್ಡಾಯ ಅಂತ ಆರು ತಿಂಗಳ ಒಂದು ಪರಿಸರ ಅಧ್ಯಯನದ ಪೇಪರ್ ಇತ್ತು. ಪರೀಕ್ಷೆಯ ಹಿಂದಿನ ರಾತ್ರಿ ನಾಲ್ಕು ಪುಟ ಬಾಯಿಪಾಠ ಮಾಡಿ ಪಾಸಾದವರು ತುಂಬಾ ಮಂದಿ. ಶಾಲೆಯಲ್ಲಿ ಪರಿಸರ ಅಂದರೆ ಜೂನ್ 5ಕ್ಕೆ ಗಿಡ ನೆಟ್ಟು ಫೋಟೋ ತೆಗೆಯುವುದು, ಪೋಸ್ಟರ್ ಬರೆಯುವುದು. ಇಷ್ಟನ್ನೇ ನೋಡಿದವರಿಗೆ ಇದೆಲ್ಲ ಸುಮ್ನೆ ಒಳ್ಳೆಯ ಮಾತುಗಳ ವಿಷಯ ಅನ್ನಿಸುವುದು ಸಹಜ.

ನಿಜವಾದ ಪರಿಸರ ವಿಜ್ಞಾನ ಹೇಗಿರುತ್ತದೆ ಅಂತ ನಿಮ್ಮ ಊರಿನ ಉದಾಹರಣೆಯಿಂದಲೇ ಹೇಳುತ್ತೇನೆ. ಎಣ್ಮಕಜೆಯವರಿಗೆ ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ ಹೊಸತಾಗಿ ಹೇಳಬೇಕಾದ್ದಿಲ್ಲ. 1970ರ ದಶಕದ ಕೊನೆಯಿಂದ 2000ದ ವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸಿದರು. ನಿಮ್ಮ ಪಂಚಾಯತಿನದೇ ಪಡ್ರೆಯ ವೈದ್ಯರಾದ ಡಾ. ವೈ.ಎಸ್. ಮೋಹನಕುಮಾರ್ ಅವರು ತಮ್ಮ ಹತ್ತಿರ ಬರುವ ರೋಗಿಗಳನ್ನು ನೋಡಿ ಏನೋ ಸರಿಯಿಲ್ಲ ಅಂತ ಗಮನಿಸಿದರು. ಅದೇ ಪಡ್ರೆಯ ಪತ್ರಕರ್ತ ಶ್ರೀ ಪಡ್ರೆಯವರು ಬರೆದು ಹೊರಜಗತ್ತಿಗೆ ತಿಳಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಗೆ ಬಂದು ಅಧ್ಯಯನ ಮಾಡಿದರು. 2011ರ ಏಪ್ರಿಲಿನಲ್ಲಿ, ಬೇಗ ಒಡೆಯದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಮೇ 13ಕ್ಕೆ ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನು ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಅಂತ ಆದೇಶವಾಯಿತು.

ಈ ಕತೆಯ ಒಳಗೆ ಎಷ್ಟು ವಿಜ್ಞಾನ ಇದೆ ನೋಡಿ. ಎಂಡೋಸಲ್ಫಾನ್ ಕ್ಲೋರಿನ್ ಇರುವ ಕೀಟನಾಶಕ. ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಕೊಬ್ಬಿನಲ್ಲಿ ಚೆನ್ನಾಗಿ ಸೇರಿಕೊಳ್ಳುತ್ತದೆ. ಮಣ್ಣಿನಲ್ಲಿ ಅದು ಒಡೆದು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಅದೂ ವಿಷವೇ, ಮೂಲದ್ದಕ್ಕಿಂತ ಜಾಸ್ತಿ ದಿನ ಉಳಿಯುವಂಥದ್ದು. ಹಾಗಾಗಿ ನೀರಿನಲ್ಲಿ ಎಂಡೋಸಲ್ಫಾನ್ ಕಾಣಲಿಲ್ಲ ಎಂದ ಮಾತ್ರಕ್ಕೆ ಅಪಾಯ ಇಲ್ಲ ಅಂತ ಆಗುವುದಿಲ್ಲ. ಏನನ್ನು ಹುಡುಕಬೇಕು, ಎಲ್ಲಿ ಹುಡುಕಬೇಕು ಅಂತ ಹೇಳುವುದು ರಸಾಯನಶಾಸ್ತ್ರ. ಗುಡ್ಡದ ಮೇಲೆ ಬಿದ್ದ ವಿಷ ಕೆಳಗಿನ ತೋಡಿಗೆ ಹೇಗೆ ಇಳಿಯುತ್ತದೆ ಅಂತ ಹೇಳುವುದು ಭೂವಿಜ್ಞಾನ. ಮೈಗೆ ಏನು ಮಾಡುತ್ತದೆ ಎನ್ನುವುದು ಜೀವಶಾಸ್ತ್ರ. ಈ ಊರಿನಲ್ಲಿ ರೋಗ ನಿಜವಾಗಿ ಹೆಚ್ಚೇ, ಸಿಂಪಡಣೆ ಇಲ್ಲದ ಊರಿನ ಜೊತೆ ಹೋಲಿಸಿದರೆ ಎಷ್ಟು ಹೆಚ್ಚು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಸಂಖ್ಯಾಶಾಸ್ತ್ರ. ವರ್ಷಗಟ್ಟಲೆ ವಾದ ನಡೆದದ್ದು ಆ ಕೊನೆಯ ಪ್ರಶ್ನೆಯ ಸುತ್ತಲೇ. ಸಿಂಪಡಣೆ ಶುರುವಾಗುವ ಮೊದಲಿನ ಆರೋಗ್ಯದ ಲೆಕ್ಕವನ್ನು ಯಾರಾದರೂ ಬರೆದಿಟ್ಟಿದ್ದರೆ ಎಷ್ಟೋ ತಾಯಂದಿರು ಕಚೇರಿಯಿಂದ ಕಚೇರಿಗೆ ಅಲೆಯುವುದು ಕಡಿಮೆಯಾಗುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಇದನ್ನು ಸುಲಭದ ಸಬ್ಜೆಕ್ಟು ಅಂತ ಹೇಗೆ ಹೇಳುವುದು?

ಲೆಕ್ಕದ ವಿಷಯ ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಎನ್‌ಸಿಇಆರ್‌ಟಿಯ ಪಠ್ಯ ಕಡಿತ ಮಾಡಿದಾಗ ಹನ್ನೆರಡನೆಯ ಜೀವಶಾಸ್ತ್ರದಿಂದ 'ಪರಿಸರ ಸಮಸ್ಯೆಗಳು' ಎಂಬ ಅಧ್ಯಾಯವನ್ನೂ, ಹನ್ನೊಂದನೆಯ ರಸಾಯನಶಾಸ್ತ್ರದಿಂದ 'ಪರಿಸರ ರಸಾಯನಶಾಸ್ತ್ರ' ಎಂಬ ಅಧ್ಯಾಯವನ್ನೂ ತೆಗೆದರು. ಮಕ್ಕಳಿಗೆ ಹೊರೆ ಕಡಿಮೆ ಮಾಡುವುದು ಬೇಕಾದದ್ದೇ. ಆದರೆ ಈ ಎರಡನ್ನು ತೆಗೆದದ್ದು ನನಗೆ ಇವತ್ತಿಗೂ ಬೇಸರ. ನಿಮ್ಮ ಮಗಳು ಹಿರಿಯ ವಿದ್ಯಾರ್ಥಿಗಳಿಂದ ಹಳೆಯ ಪುಸ್ತಕ ತಂದು ಆ ಎರಡು ಅಧ್ಯಾಯಗಳನ್ನು ಖಂಡಿತ ಓದಲಿ. ಜೀವಶಾಸ್ತ್ರದ ಆ ಅಧ್ಯಾಯದಲ್ಲಿ ಡಿಡಿಟಿ ಎಂಬ ಕೀಟನಾಶಕದ ಒಂದು ಚಿತ್ರ ಇದೆ. ಅದರಲ್ಲಿ ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು, ಪಿಪಿಬಿ ಅಂದರೆ ನೂರು ಕೋಟಿಯಲ್ಲಿ ಒಂದು ಪಾಲು. ನೀರಿನಲ್ಲಿ ಡಿಡಿಟಿ 0.003 ಪಿಪಿಬಿ. ನೀರಿನ ಸಣ್ಣ ಜೀವಿಗಳಲ್ಲಿ 0.04 ಪಿಪಿಎಂ, ಸಣ್ಣ ಮೀನಿನಲ್ಲಿ 0.5, ದೊಡ್ಡ ಮೀನಿನಲ್ಲಿ 2, ಮೀನು ತಿನ್ನುವ ಹಕ್ಕಿಯಲ್ಲಿ 25 ಪಿಪಿಎಂ. ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದು, ನೀರಿನಿಂದ ಹಕ್ಕಿಗೆ ಹೋಗುವಾಗ ಎಷ್ಟು ಪಟ್ಟು ಆಯಿತು ಅಂತ ಕೇಳುತ್ತಿದ್ದೆ. ಹೆಚ್ಚಿನವರು 25ನ್ನು 0.003ರಿಂದ ಭಾಗಿಸಿ ಎಂಟು ಸಾವಿರ ಚಿಲ್ಲರೆ ಅನ್ನುತ್ತಿದ್ದರು. ಒಂದು ಪಿಪಿಬಿಯಲ್ಲಿದೆ, ಇನ್ನೊಂದು ಪಿಪಿಎಂನಲ್ಲಿ ಎಂದು ನೋಡಿದವರಿಗೆ ಮಾತ್ರ ಸರಿ ಉತ್ತರ ಸಿಗುತ್ತಿತ್ತು: 80 ಲಕ್ಷಕ್ಕೂ ಮಿಕ್ಕಿ. ಅದನ್ನು ನೋಡಿ ತರಗತಿ ಒಂದು ಕ್ಷಣ ಗಪ್‌ಚುಪ್. ಈ ಲೆಕ್ಕಕ್ಕೆ ಬೇಕಾದ ಗಣಿತ ಏಳನೆಯ ಕ್ಲಾಸಿನದ್ದು. ಬೇಕಾದ ಎಚ್ಚರ ಮಾತ್ರ ವಿಜ್ಞಾನಿಯದ್ದು.

ಹಾಗಾಗಿ ಗಣಿತ ಬಿಡಬೇಕೋ ಬೇಡವೋ ಎಂಬುದೇ ನಿಮ್ಮ ಪತ್ರದ ಮುಖ್ಯ ಪ್ರಶ್ನೆ ಅಂತ ನನ್ನ ಅಭಿಪ್ರಾಯ. ಕೇರಳದ ಪ್ಲಸ್ ವನ್‌ನಲ್ಲಿ ಇಂಗ್ಲಿಷ್, ಒಂದು ಎರಡನೆಯ ಭಾಷೆ, ಅದರ ಮೇಲೆ ನಾಲ್ಕು ಐಚ್ಛಿಕ ವಿಷಯ. ಕನ್ನಡ ಇರುವ ಶಾಲೆ ಸಿಕ್ಕಿದರೆ ಎರಡನೆಯ ಭಾಷೆಯಾಗಿ ಕನ್ನಡವನ್ನೇ ಇಟ್ಟುಕೊಳ್ಳಲಿ. ಐಚ್ಛಿಕಕ್ಕೆ ನಾನು ಹೇಳುವುದು ಪಟ್ಟಿಯಲ್ಲಿ ಒಂದನೇ ನಂಬರಿನ ಕಾಂಬಿನೇಶನ್: ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ. ನಮ್ಮ ಕಡೆ ಬಯೋ ಮ್ಯಾತ್ಸ್ ಅನ್ನುತ್ತಾರಲ್ಲ, ಅದೇ. ಇದೊಂದನ್ನು ಓದಿದವರಿಗೆ ನೀಟ್ ಬರೆಯಬಹುದು, ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಬರೆಯಬಹುದು, ಬಿಎಸ್ಸಿಯ ಯಾವ ವಿಷಯಕ್ಕೂ ಹೋಗಬಹುದು. ಪರಿಸರದ ಕೆಲಸಗಳಲ್ಲಿ ಎಷ್ಟೋ ಎಂಜಿನಿಯರಿಂಗ್ ಕಡೆಯಿಂದ ಬರುತ್ತವೆ ಎಂಬುದು ತುಂಬಾ ಜನಕ್ಕೆ ಗೊತ್ತಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಎಂಜಿನಿಯರ್ ಹುದ್ದೆ, ಕೊಳಚೆ ನೀರು ಶುದ್ಧ ಮಾಡುವ ಘಟಕದ ವಿನ್ಯಾಸ, ಕಸ ವಿಲೇವಾರಿಯ ಯೋಜನೆ, ಇವಕ್ಕೆಲ್ಲ ಸಿವಿಲ್, ಕೆಮಿಕಲ್ ಅಥವಾ ಎನ್ವಿರಾನ್‌ಮೆಂಟಲ್ ಎಂಜಿನಿಯರಿಂಗ್ ಓದಿರಬೇಕು. ಪ್ಲಸ್ ಟುವಿನಲ್ಲಿ ಗಣಿತ ಇಲ್ಲದಿದ್ದರೆ ಆ ಬಾಗಿಲು ಹದಿನಾರಕ್ಕೇ ಮುಚ್ಚಿಹೋಗುತ್ತದೆ.

ಇದಕ್ಕೆ ಅಪಾಯ ಇಲ್ಲವೇ? ಇದೆ. ಬಯೋ ಮ್ಯಾತ್ಸ್ ಭಾರದ ಕಾಂಬಿನೇಶನ್. ಪ್ಲಸ್ ವನ್ ಗಣಿತ ಹತ್ತನೆಯದರ ಹಾಗಲ್ಲ, ಒಮ್ಮೆಲೇ ಎತ್ತರ ಏರುತ್ತದೆ. ಬಿ ಬಂದವಳಿಗೆ ಮೊದಲ ಮೂರು ತಿಂಗಳು ಕಷ್ಟ ಆಗಬಹುದು. ಆ ಬಿ ಯಾಕೆ ಬಂತು ಅಂತ ಅವಳ ಜೊತೆ ಕೂತು ನೋಡಿ. ಪರೀಕ್ಷೆಯ ಉತ್ತರ ಪತ್ರಿಕೆ ಕೈಯಲ್ಲಿಲ್ಲದಿದ್ದರೂ ಮಾದರಿ ಪ್ರಶ್ನೆ ಪತ್ರಿಕೆ ಕೊಟ್ಟು ಮಾಡಿಸಿ. ಬೀಜಗಣಿತದಲ್ಲಿ ಹೆಜ್ಜೆ ತಪ್ಪುತ್ತಾಳೆ, ಅವಸರ ಮಾಡುತ್ತಾಳೆ ಎಂದಾದರೆ ಅದು ಸರಿಯಾಗುವ ಸಮಸ್ಯೆ. ಪ್ರಯತ್ನ ಪಟ್ಟರೂ ಲೆಕ್ಕ ಅಂದರೆ ರಾತ್ರಿ ನಿದ್ದೆ ಬರುವುದಿಲ್ಲ, ಹೊಟ್ಟೆನೋವು ಬರುತ್ತದೆ ಎಂದಾದರೆ ಬಲವಂತ ಬೇಡ. ಆಗ ಭೌತ, ರಸಾಯನ, ಜೀವಶಾಸ್ತ್ರದ ಜೊತೆ ಹೋಂ ಸಯನ್ಸ್ ಇರುವ ಕಾಂಬಿನೇಶನ್ ತೆಗೆದುಕೊಳ್ಳಲಿ. ಎಂಜಿನಿಯರಿಂಗ್ ಹೋಗುತ್ತದೆ, ಕೃಷಿ, ಅರಣ್ಯ, ಪಶುವೈದ್ಯ, ಜೀವಶಾಸ್ತ್ರದ ಕಡೆಯ ದಾರಿ ಉಳಿಯುತ್ತದೆ. ವೊಕೇಶನಲ್ ಹೈಯರ್ ಸೆಕೆಂಡರಿಯಲ್ಲಿ ಕೃಷಿಯ ಕೋರ್ಸುಗಳ ಜೊತೆಗೂ ಈ ಮೂರು ವಿಷಯ ಕಲಿಸುತ್ತಾರೆ. ತೋಟ ಇರುವ ಮನೆಯ ಮಕ್ಕಳಿಗೆ ಅದು ಕೆಟ್ಟ ಆಯ್ಕೆಯಲ್ಲ.

ಹ್ಯುಮಾನಿಟೀಸ್ ತೆಗೆದುಕೊಂಡು ಭೂಗೋಳ, ಅರ್ಥಶಾಸ್ತ್ರ ಓದುವ ದಾರಿಯೂ ಇದೆ. ಪರಿಸರ ಕಾನೂನು, ಪತ್ರಿಕೋದ್ಯಮ, ಆಡಳಿತ, ಇವು ಮನಸ್ಸಿನಲ್ಲಿದ್ದರೆ ಅದು ಒಳ್ಳೆಯ ದಾರಿ. ಎಂಡೋಸಲ್ಫಾನ್ ಹೋರಾಟ ಗೆದ್ದದ್ದು ವಿಜ್ಞಾನಿಗಳಿಂದ ಮಾತ್ರ ಅಲ್ಲ, ಬರೆದವರು ಮತ್ತು ಕೋರ್ಟಿಗೆ ಹೋದವರೂ ಅಷ್ಟೇ ಮುಖ್ಯ. ಆದರೆ ಸಯನ್ಸಿನಿಂದ ಆ ಕಡೆಗೆ ಆಮೇಲೆ ದಾಟಬಹುದು. ಆ ಕಡೆಯಿಂದ ಸಯನ್ಸಿಗೆ ದಾಟುವುದು ತುಂಬಾ ಕಷ್ಟ.

ಕೆಲಸದ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಕೆಲಸವೇ ಇಲ್ಲ ಎನ್ನುವುದು ಸುಳ್ಳು. ಎಲ್ಲಿ ಬೇಕಾದರೂ ಸಿಗುತ್ತದೆ ಎನ್ನುವುದೂ ಸುಳ್ಳು. ಇಲ್ಲಿ ಒಂದು ವಿಷಯವನ್ನು ಗಮನವಿಟ್ಟು ಓದಿ, ಯಾಕೆಂದರೆ ಕಾಲೇಜಿನ ಜಾಹೀರಾತಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆ ಬರೆಯಲು ಡಿಗ್ರಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಪಶುಸಂಗೋಪನೆ ಮತ್ತು ಪಶುವೈದ್ಯ ಇವುಗಳಲ್ಲಿ ಒಂದಾದರೂ ಇರಬೇಕು. ಇಲ್ಲವೇ ಕೃಷಿ, ಅರಣ್ಯ ಅಥವಾ ಎಂಜಿನಿಯರಿಂಗ್ ಪದವಿ ಬೇಕು. ಆ ಪಟ್ಟಿಯಲ್ಲಿ ಪರಿಸರ ವಿಜ್ಞಾನ ಇಲ್ಲ. ಕೇರಳದ ಪ್ಲಸ್ ಟುವಿನಲ್ಲಿ ಆ ವಿಷಯವೇ ಇಲ್ಲದ್ದರಿಂದ ಅದನ್ನು ಕಲಿಸುವ ಹೈಯರ್ ಸೆಕೆಂಡರಿ ಟೀಚರ್ ಹುದ್ದೆಯೂ ಇಲ್ಲ. ಹಾಗಾಗಿ ಡಿಗ್ರಿಯ ಹಂತದಲ್ಲಿ ಬರೀ ಪರಿಸರ ವಿಜ್ಞಾನ ಅಂತ ಹೋಗುವುದಕ್ಕಿಂತ ಸಸ್ಯಶಾಸ್ತ್ರವೋ ರಸಾಯನಶಾಸ್ತ್ರವೋ ಭೂವಿಜ್ಞಾನವೋ ಓದಿ, ಎಂಎಸ್ಸಿಗೆ ಪರಿಸರ ವಿಜ್ಞಾನ ತೆಗೆದುಕೊಳ್ಳುವುದು ಒಳ್ಳೆಯದು. ಎಂಎಸ್ಸಿ ಪರಿಸರ ವಿಜ್ಞಾನಕ್ಕೆ ಸಾಮಾನ್ಯವಾಗಿ ವಿಜ್ಞಾನದ ಬೇರೆ ಬೇರೆ ಪದವಿಯವರನ್ನು ತೆಗೆದುಕೊಳ್ಳುತ್ತಾರೆ. ಆಮೇಲೆ ಕಾಲೇಜು ಅಧ್ಯಾಪಕರಾಗಲು ಬರೆಯುವ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಪರಿಸರ ವಿಜ್ಞಾನ ಪ್ರತ್ಯೇಕ ವಿಷಯವಾಗಿಯೇ ಇದೆ.

ಇದಕ್ಕೆಲ್ಲ ತುಂಬಾ ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಭೂವಿಜ್ಞಾನ ವಿಭಾಗ ಇದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನದ ಎಂಎಸ್ಸಿ ಇದೆ. ಪಡನ್ನಕ್ಕಾಡಿನಲ್ಲಿ ಕೃಷಿ ಕಾಲೇಜು. ಅರಣ್ಯ ಪದವಿಗೆ ತೃಶೂರಿನ ವೆಳ್ಳಾನಿಕ್ಕರ. ಅಲ್ಲಿಯೇ ಕೃಷಿ ವಿಶ್ವವಿದ್ಯಾಲಯದವರ ಹವಾಮಾನ ಬದಲಾವಣೆ ಮತ್ತು ಪರಿಸರ ವಿಜ್ಞಾನದ ಪದವಿಯೂ ಇದೆ. ಅವುಗಳ ಸೀಟು ನೀಟ್ ಅಂಕ ನೋಡಿ ಕೊಡುತ್ತಾರೆ. ಕರ್ನಾಟಕದಲ್ಲಿ ಅರಣ್ಯ ಪದವಿಗೆ ಪೊನ್ನಂಪೇಟೆ, ಶಿರಸಿ. ಎಂಎಸ್ಸಿಗೆ ಮೈಸೂರು, ಶಂಕರಘಟ್ಟ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಒಂದು ಅವಕಾಶ ಇದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಎಷ್ಟು ವರ್ಷ ಎಲ್ಲಿ ಓದಿರಬೇಕು ಎಂಬ ಶರತ್ತುಗಳನ್ನು ಆ ವರ್ಷದ ಪ್ರಕಟಣೆಯಲ್ಲೇ ಓದಿ, ಬಾಯಿಮಾತು ನಂಬಬೇಡಿ.

ಸಂಬಳದ ಕೆಲಸಗಳು ಯಾವುವು ಅಂದರೆ, ನೀರು ಮತ್ತು ಮಣ್ಣು ಪರೀಕ್ಷೆಯ ಲ್ಯಾಬುಗಳು, ಕಾರ್ಖಾನೆಗಳ ಸುರಕ್ಷತೆ ಮತ್ತು ಪರಿಸರ ವಿಭಾಗ, 2006ರ ಅಧಿಸೂಚನೆಯ ಪ್ರಕಾರ ಪರಿಸರ ಪರಿಣಾಮ ವರದಿ ತಯಾರಿಸುವ ಸಂಸ್ಥೆಗಳು, ಕೋಝಿಕ್ಕೋಡಿನ ಜಲಸಂಪನ್ಮೂಲ ಕೇಂದ್ರ, ಪೀಚಿಯ ಅರಣ್ಯ ಸಂಶೋಧನಾ ಸಂಸ್ಥೆಯಂಥ ಕಡೆ ಸಂಶೋಧನೆ. ಕಷ್ಟ ಏನೆಂದರೆ ಶುರುವಿನ ಕೆಲವು ವರ್ಷ ಸಂಶೋಧನೆಯ ಕೆಲಸ ಹೆಚ್ಚಾಗಿ ಕಾಂಟ್ರಾಕ್ಟ್. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು. ಡಿಗ್ರಿ ಮುಗಿದ ಕೂಡಲೇ ಮನೆಗೆ ದುಡ್ಡು ಬರಲೇಬೇಕು ಎಂಬ ಪರಿಸ್ಥಿತಿ ಇದ್ದರೆ ಇದನ್ನು ಈಗಲೇ ಮಗಳ ಜೊತೆ ಮಾತಾಡಿ. ಅಂಥವರಿಗೆ ನಾನು ರಸಾಯನಶಾಸ್ತ್ರದ ಪದವಿ ಅಥವಾ ಎಂಜಿನಿಯರಿಂಗ್ ಹೇಳುತ್ತೇನೆ. ಪರಿಸರದ ಕೆಲಸ ಸಿಗುವ ತನಕ ಬೇರೆ ಕೆಲಸ ಮಾಡಬಹುದು.

ಇಂಗ್ಲಿಷಿನ ಹೆದರಿಕೆ ನಿಜ, ಅದನ್ನು ಸಣ್ಣದು ಅಂತ ನಾನು ಹೇಳುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಓಣಂ ಪರೀಕ್ಷೆಯಲ್ಲಿ ಕಡಿಮೆ ಅಂಕ ನೋಡಿ ಅಳುತ್ತಾರೆ. ಉತ್ತರ ಗೊತ್ತಿರುತ್ತದೆ, ಬರೆಯಲು ವಾಕ್ಯ ಬರುವುದಿಲ್ಲ. ಕ್ರಿಸ್‌ಮಸ್ ಪರೀಕ್ಷೆಯ ಹೊತ್ತಿಗೆ ಹೆಚ್ಚಿನವರು ಸರಿಹೋಗುತ್ತಾರೆ. ಹಾಗಾಗಿ ಮೊದಲ ಪರೀಕ್ಷೆಯ ಅಂಕ ನೋಡಿ ತೀರ್ಮಾನ ಮಾಡಬೇಡಿ. ಕ್ಲಾಸು ಶುರುವಾಗುವ ಮೊದಲು ಸಿಗುವ ಈ ವಾರಗಳಲ್ಲಿ ದಿನಕ್ಕೆ ಒಂದು ಪುಟ ಪ್ಲಸ್ ವನ್ ಜೀವಶಾಸ್ತ್ರವನ್ನು ಗಟ್ಟಿಯಾಗಿ ಓದಿ, ಅದನ್ನು ಕನ್ನಡದಲ್ಲಿ ನಿಮಗೆ ಹೇಳಲಿ. ನೀವು ಸಯನ್ಸ್ ಓದಿರಬೇಕಾಗಿಲ್ಲ. ನಿಮಗೆ ಅರ್ಥವಾಗುವ ಹಾಗೆ ಹೇಳಲು ಬಂದರೆ ಅವಳಿಗೆ ಅರ್ಥವಾಗಿದೆ ಅಂತಲೇ ಲೆಕ್ಕ. ಬೇರೆ ಒಂದು ಎಚ್ಚರಿಕೆ: ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ ಅಂತ ಕೇಳಿರುತ್ತೀರಿ. ಆದರೆ ಕನ್ನಡದ ಪತ್ರಿಕೆ ಕೊಡುತ್ತಾ ಬಂದಿರುವುದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ ಮಾತ್ರ. ಕೇರಳದ ಕೇಂದ್ರ ಹಾಕಿ ಕನ್ನಡ ಪತ್ರಿಕೆ ನಿರೀಕ್ಷಿಸಿದರೆ ಮೋಸ ಹೋಗುತ್ತೀರಿ. ಅರ್ಜಿ ತುಂಬುವಾಗ ಭಾಷೆ ಮತ್ತು ಕೇಂದ್ರ ಎರಡನ್ನೂ ಒಟ್ಟಿಗೆ ನೋಡಿ.

ಹಾಗಾದರೆ ಈ ಎರಡು ವರ್ಷ ಅವಳ ಪರಿಸರದ ಆಸೆ ಏನಾಗಬೇಕು? ಇದೇ ನನಗೆ ಎಲ್ಲಕ್ಕಿಂತ ಇಷ್ಟದ ಪ್ರಶ್ನೆ. ನಿಮ್ಮ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿಗೆ ಬರಗಾಲವಿಲ್ಲ. ನಿಮ್ಮ ತೋಟದಲ್ಲೋ ನೆಂಟರ ತೋಟದಲ್ಲೋ ಒಂದಾದರೂ ಇರುತ್ತದೆ. ಅಲ್ಲಿಂದಲೇ ಶುರುಮಾಡಲಿ. ಬೇಕಾದದ್ದು 10 ಲೀಟರಿನ ಒಂದು ಬಕೆಟ್, ಒಂದು ವಾಚು, ಒಂದು ನೋಟ್ ಪುಸ್ತಕ. ಸುರಂಗದ ಒಳಗೆ ಹೋಗುವುದು ಬೇಡ, ಗಾಳಿ ಸಾಲದಿರಬಹುದು, ಮಣ್ಣು ಕುಸಿಯಬಹುದು. ಹೊರಗೆ ನೀರು ಬೀಳುವಲ್ಲಿ ಬಕೆಟ್ ಇಟ್ಟು ಎಷ್ಟು ಸೆಕೆಂಡಿಗೆ ತುಂಬುತ್ತದೆ ಅಂತ ನೋಡಲಿ. 50 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 12 ಲೀಟರ್, ದಿನಕ್ಕೆ 17,280 ಲೀಟರ್. ಮೂರು ಸಲ ಅಳೆದು ಸರಾಸರಿ ಬರೆಯಲಿ. ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಅಳೆಯಬೇಕು. ಜೊತೆಗೆ ಅಂಗಳದಲ್ಲಿ ಮಳೆಮಾಪಕ ಇರಲಿ, ನೇರ ಬದಿಯ ಡಬ್ಬ ಮತ್ತು ಸ್ಕೇಲ್ ಇದ್ದರೂ ಸಾಕು. 1 ಮಿಲಿಮೀಟರ್ ಮಳೆ ಅಂದರೆ 1 ಚದರ ಮೀಟರ್ ಜಾಗಕ್ಕೆ 1 ಲೀಟರ್ ನೀರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. 100 ಚದರ ಮೀಟರಿನ ಮನೆಯ ಮಾಡಿನ ಮೇಲೆಯೇ ಮೂರೂವರೆ ಲಕ್ಷ ಲೀಟರ್ ಬೀಳುತ್ತದೆ. ಆದರೂ ಏಪ್ರಿಲಿನಲ್ಲಿ ಬಾವಿ ಯಾಕೆ ಬತ್ತುತ್ತದೆ? ಮಳೆಯಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ ಮುಗಿಯುತ್ತದೆ, ಗುಡ್ಡಗಳು ಇಳಿಜಾರು, ಕೆಂಪುಕಲ್ಲಿನ ನೆಲದಲ್ಲಿ ಇಂಗಿದ ನೀರೂ ಕೆಳಗೆ ಹರಿದುಹೋಗುತ್ತದೆ, ಹೊಳೆಗಳು ಗಿಡ್ಡ. ಜಿಲ್ಲೆಯಲ್ಲಿ ಹನ್ನೆರಡು ಹೊಳೆಗಳಿದ್ದರೂ ಉದ್ದದ ಚಂದ್ರಗಿರಿಯೇ 105 ಕಿಲೋಮೀಟರ್, ಮಂಜೇಶ್ವರ ಹೊಳೆ ಬರೀ 16. ನೀರು ಸಮುದ್ರ ಸೇರಲು ಹೊತ್ತೇ ಬೇಡ. ಹಿಂದಿನವರು ಮಳೆನೀರು ನಿಲ್ಲಿಸುವ ಮದಕ ಮಾಡಿದ್ದು, ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಕಟ್ಟ ಹಾಕಿದ್ದು ಅದಕ್ಕೇ.

ಮಳೆ ನಿಂತ ಎಷ್ಟು ವಾರಕ್ಕೆ ಸುರಂಗದ ನೀರು ಇಳಿಯಲು ಶುರುವಾಯಿತು? ಮೇಲಿನ ಗುಡ್ಡದಲ್ಲಿ ಕೆಂಪುಕಲ್ಲು ಕ್ವಾರಿ ಆದ ಮೇಲೆ ಬದಲಾವಣೆ ಇದೆಯೇ? ಹತ್ತಿರದಲ್ಲಿ ಹೊಸ ಕೊಳವೆಬಾವಿ ಬಂದಾಗ ಏನಾಯಿತು? ಎರಡು ವರ್ಷದ ಅಳತೆ ಕೈಯಲ್ಲಿದ್ದರೆ ಈ ಪ್ರಶ್ನೆಗಳನ್ನು ಗ್ರಾಫ್ ಹಾಕಿ ಕೇಳಬಹುದು. ಅಂಥ ಒಂದು ನೋಟ್ ಪುಸ್ತಕ ಹಿಡಿದು ಡಿಗ್ರಿಯ ಇಂಟರ್‌ವ್ಯೂಗೆ ಬಂದ ಮಕ್ಕಳ ಜೊತೆ ಮಾತಾಡುವಾಗ ನನಗೆ ಅಂಕಪಟ್ಟಿ ನೋಡುವುದೇ ಮರೆತುಹೋಗುತ್ತಿತ್ತು. ಪರಿಸರ ವಿಜ್ಞಾನ ಅಂದರೆ ಏನು ಅಂತ ಅವರಿಗೆ ಆಗಲೇ ಗೊತ್ತಿರುತ್ತದೆ.

ನೀರು ಅಳೆಯುವುದರಲ್ಲಿ ಅವಳಿಗೆ ರುಚಿ ಇಲ್ಲ, ಪ್ರಾಣಿ ಪಕ್ಷಿ ಇಷ್ಟ ಎಂದಾದರೆ ಪಂಚಾಯತಿಗೆ ಹೋಗಿ ಜೀವವೈವಿಧ್ಯ ರಿಜಿಸ್ಟರ್ ನೋಡಲು ಕೇಳಲಿ. 2002ರ ಕಾನೂನಿನ ಪ್ರಕಾರ ಪ್ರತಿ ಪಂಚಾಯತಿನಲ್ಲೂ ಅದಕ್ಕೆ ಒಂದು ಸಮಿತಿ ಇರಬೇಕು. ಅದರಲ್ಲಿ ನಿಮ್ಮ ಊರಿನ ಯಾವ ಗಿಡ ಇದೆ, ಯಾವುದು ಬಿಟ್ಟುಹೋಗಿದೆ ಅಂತ ಹುಡುಕುವುದೇ ಒಳ್ಳೆಯ ಅಭ್ಯಾಸ. ನಮ್ಮ ಜಿಲ್ಲಾ ಪಂಚಾಯತು 2023ರಲ್ಲಿ ಜಿಲ್ಲೆಗೇ ಅಂತ ಒಂದು ಮರ, ಹೂ, ಹಕ್ಕಿ, ಪ್ರಾಣಿಯನ್ನು ಘೋಷಿಸಿತು. ಮರ ಕಾಸರಕ, ಪ್ರಾಣಿ ಚಂದ್ರಗಿರಿ ಹೊಳೆಯ ದೊಡ್ಡ ಮೆದುಚಿಪ್ಪಿನ ಆಮೆ. ತೀರಾ ಅಪರೂಪದ ಆ ಆಮೆಯ ಗೂಡನ್ನು ಸಂಶೋಧಕರು ಕಂಡುಹಿಡಿದದ್ದು ಹೊಳೆ ಬದಿಯವರ ಮಾತನ್ನು ಕೇಳುತ್ತಾ ಹೋಗಿ. ಅಂಥ ಕಡೆ ಕನ್ನಡ, ತುಳು, ಮಲಯಾಳ ಮೂರೂ ಬರುವ ಹುಡುಗಿಗೆ ಇಂಗ್ಲಿಷ್ ಮಾತ್ರ ಬರುವವರಿಗಿಂತ ಒಂದು ಕೈ ಮೇಲೆಯೇ.

ಕೊನೆಗೆ ಅರ್ಜಿಯ ವಿಷಯ. ಏಕಜಾಲಕದಲ್ಲಿ, ಅಂದರೆ ಪ್ಲಸ್ ವನ್ ಪ್ರವೇಶದ ಆನ್‌ಲೈನ್ ವ್ಯವಸ್ಥೆಯಲ್ಲಿ, ಅರ್ಜಿ ಹಾಕುವಾಗ ಶಾಲೆ ಮತ್ತು ಕಾಂಬಿನೇಶನ್ ಎರಡೂ ಸೇರಿ ಒಂದು ಆಯ್ಕೆ. ಬಯೋ ಮ್ಯಾತ್ಸ್ ಇರುವ, ಕನ್ನಡ ಎರಡನೆಯ ಭಾಷೆಯಾಗಿ ಸಿಗುವ, ಬಸ್ಸಿನಲ್ಲಿ ಹೋಗಿಬರಬಹುದಾದ ಶಾಲೆಗಳನ್ನು ಮೊದಲು ಹಾಕಿ. ಆಮೇಲೆ ಅದೇ ಶಾಲೆಗಳ ಜೀವಶಾಸ್ತ್ರ ಇರುವ ಬೇರೆ ಕಾಂಬಿನೇಶನ್. ಶಾಲೆಗೆ ಒಮ್ಮೆ ಹೋಗಿ ಕೆಮಿಸ್ಟ್ರಿ ಲ್ಯಾಬ್ ತೋರಿಸಿ ಅಂತ ಕೇಳಿ, ಸಂಕೋಚ ಬೇಡ. ಟ್ರಯಲ್ ಅಲಾಟ್‌ಮೆಂಟ್ ಬಂದಾಗ ಆಯ್ಕೆಗಳನ್ನು ಸರಿಪಡಿಸಲು ಅವಕಾಶ ಇರುತ್ತದೆ, ಆ ದಿನಾಂಕ ತಪ್ಪಿಸಬೇಡಿ. ಸೇರಿದ ಮೇಲೂ ಮುಖ್ಯ ಅಲಾಟ್‌ಮೆಂಟುಗಳು ಮುಗಿದಾಗ ಖಾಲಿ ಸೀಟು ಇದ್ದರೆ ಕಾಂಬಿನೇಶನ್ ಬದಲಾಯಿಸಲು ಅರ್ಜಿ ಹಾಕಬಹುದು. ಹಾಗಾಗಿ ಗಣಿತ ಇಟ್ಟುಕೊಂಡು ಶುರುಮಾಡಲಿ. ಮೊದಲ ವಾರಗಳಲ್ಲೇ ತೀರಾ ಕಷ್ಟ ಅನ್ನಿಸಿದರೆ ಆಗ ಬದಲಾಯಿಸುವ ಬಗ್ಗೆ ಪ್ರಿನ್ಸಿಪಾಲರ ಹತ್ತಿರ ಮಾತಾಡಿ. ಗಣಿತ ಬಿಟ್ಟು ಶುರುಮಾಡಿ ಆಮೇಲೆ ಬೇಕು ಅಂದರೆ, ಆ ಹೊತ್ತಿಗೆ ಬಯೋ ಮ್ಯಾತ್ಸ್‌ನಲ್ಲಿ ಸೀಟು ಖಾಲಿ ಇರುವುದು ಅಪರೂಪ.